ಸಭೆ, ಜಾತ್ರೆ, ಕಲ್ಯಾಣ ಮಂಟಪಗಳಲ್ಲಿ ವಿಕಲಚೇತನರ ಪ್ರವೇಶದ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಒಂದಲ್ಲ ಒಂದು ಕಡೆ ಪೆಂಡಾಲ್ ನಿಂತಿರುತ್ತದೆ. ಜಾತ್ರೆ, ನಾಟಕೋತ್ಸವ, ಮಠಗಳ ಸಮಾರಂಭ, ರಾಜಕೀಯ ಸಮಾವೇಶ, ಸಾಮೂಹಿಕ ವಿವಾಹ, ಪುಸ್ತಕ ಬಿಡುಗಡೆ ಎಂದು ಕರೆಯೋಲೆಗಳು ಬರುತ್ತಲೇ ಇರುತ್ತವೆ. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಎರಡು ಊರುಗೋಲುಗಳ ಆಸರೆಯಲ್ಲಿ ಇಂತಹ ಕಡೆಗಳಿಗೆ ಹೋಗಿಬರುವ ನನ್ನನ್ನು ವಿಕಲಚೇತನರೂ ಅವರ ಮನೆಯವರೂ ಕಾರ್ಯಕ್ರಮದ ಸಂಘಟಕರೂ ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ತಿಳಿದ ಮಟ್ಟಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್ಕಾರಿ ಕಚೇರಿಗಳಿಗೆ ಕಾನೂನು ಇರಬಹುದು. ಖಾಸಗಿ ಕಲ್ಯಾಣ ಮಂಟಪಕ್ಕೂ ಟ್ರಸ್ಟಿನ ಸಭಾಭವನಕ್ಕೂ ಅದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 2ನೇ ಕಲಂ ‘ಸಾರ್ವಜನಿಕ ಕಟ್ಟಡ’ ಎಂಬ ಮಾತಿಗೆ ಅರ್ಥ ಹೇಳುವಾಗ ಕಟ್ಟಡ ಯಾರದ್ದು ಎಂದು ಕೇಳುವುದಿಲ್ಲ, ಅಲ್ಲಿಗೆ ಯಾರು ಬರುತ್ತಾರೆ ಎಂದು ಕೇಳುತ್ತದೆ. ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಜನಸಾಮಾನ್ಯರು ಬಳಸುವ ಕಟ್ಟಡವಾಗಿದ್ದರೆ ಸಾಕು; ಧಾರ್ಮಿಕ, ಸಾಂಸ್ಕೃತಿಕ, ಮನರಂಜನೆಯ ಹಾಗೂ ವಾಣಿಜ್ಯ ಚಟುವಟಿಕೆಗಳ ಸ್ಥಳಗಳೆಲ್ಲ ಆ ಅರ್ಥದೊಳಗೆ ಬರುತ್ತವೆ. ಖಾಸಗಿ ಸಂಸ್ಥೆ ಎಂಬ ಮಾತಿನ ವ್ಯಾಪ್ತಿಗೂ ಕಂಪನಿಗಳ ಜೊತೆಯಲ್ಲಿ ಸಹಕಾರ ಸಂಘ, ಟ್ರಸ್ಟ್, ಸಂಘ ಸಂಸ್ಥೆಗಳು ಸೇರುತ್ತವೆ. ಆದ್ದರಿಂದ ಚಿತ್ರದುರ್ಗದ ತ.ರಾ.ಸು. ರಂಗಮಂದಿರಕ್ಕೆ ಎಷ್ಟು ಅನ್ವಯವೋ, ರಿಂಗ್ ರಸ್ತೆಯಲ್ಲಿ ಹೊಸದಾಗಿ ಎದ್ದ ಕಲ್ಯಾಣ ಮಂಟಪಕ್ಕೂ ಅಷ್ಟೇ ಅನ್ವಯ.

ಹೊಸ ಕಟ್ಟಡದ ನಕ್ಷೆಯಲ್ಲಿ ವಿಕಲಚೇತನರಿಗೆ ಬೇಕಾದ ವ್ಯವಸ್ಥೆ ಇಲ್ಲದಿದ್ದರೆ ಕಟ್ಟುವ ಅನುಮತಿಯನ್ನೂ, ಕಟ್ಟಿ ಮುಗಿದ ಮೇಲೆ ಪೂರ್ಣತಾ ಪ್ರಮಾಣಪತ್ರವನ್ನೂ ಕೊಡಬಾರದೆಂದು 44ನೇ ಕಲಂ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಕಲಂ, ಅಧಿನಿಯಮದಡಿಯ ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಗಡುವು 2022ರ ಜೂನ್‌ನಲ್ಲಿ ಮುಗಿಯಿತು. ‘ನಮ್ಮದು ಹಳೇ ಕಟ್ಟಡ ಸ್ವಾಮಿ’ ಎಂಬ ಉತ್ತರವನ್ನು ಇನ್ನು ಮುಂದೆ ಒಪ್ಪಬೇಕಾಗಿಲ್ಲ.

ಪ್ರಶ್ನೆ: ಇವೆಲ್ಲ ಕೇವಲ ಮಾರ್ಗಸೂಚಿಗಳು, ಕಡ್ಡಾಯವಲ್ಲ ಎನ್ನುತ್ತಾರಲ್ಲ?

ಆ ವಾದಕ್ಕೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ತೀರ್ಪು ನೀಡಿದ ನ್ಯಾಯಾಲಯವು, ಅಧಿನಿಯಮವು ಕಡ್ಡಾಯವೆಂದು ಹೇಳುವುದನ್ನು ಆ 2017ರ ನಿಯಮಗಳಲ್ಲಿನ 15(1)ನೇ ನಿಯಮವು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ ಎಂದು ಕಂಡು, ಆ ನಿಯಮವು ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಎಲ್ಲರೂ ಪಾಲಿಸಲೇಬೇಕಾದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಸಂಘಟಕರೊಡನೆ ಮಾತನಾಡುವಾಗ ಈ ತೀರ್ಪನ್ನು ಹೆಸರು, ದಿನಾಂಕ ಸಮೇತ ಹೇಳಿ. ಮಾತಿನ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಗೇಟಿನಲ್ಲಿ ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ತೋರಿಸಲೇಬೇಕೆ? ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಹಕ್ಕಿಲ್ಲವೇ?

ಶೇ 40 ಎಂಬ ಮಿತಿ ಮೀಸಲಾತಿ ಮತ್ತು ಹಲವು ಸರ್ಕಾರಿ ಯೋಜನೆಗಳ ಲಾಭಕ್ಕೆ ಸಂಬಂಧಿಸಿದ್ದು. ಸಮಾನವಾಗಿ ಕಾಣಬೇಕು, ತಾರತಮ್ಯ ಮಾಡಬಾರದು ಎಂಬ 3ನೇ ಕಲಂನ ರಕ್ಷಣೆಗೆ ಅಂತಹ ಶೇಕಡಾವಾರು ಮಿತಿಯಿಲ್ಲ. ರ‍್ಯಾಂಪ್ ಮೇಲೆ ಹತ್ತಲು ಕಾರ್ಡ್ ಕೇಳುವುದು ಅರ್ಥವಿಲ್ಲದ ಕೆಲಸ. ಮೀಸಲಿಟ್ಟ ವಾಹನ ನಿಲುಗಡೆ ಅಥವಾ ರಿಯಾಯಿತಿ ಟಿಕೆಟ್ ಇರುವ ಕಡೆ ಕಾರ್ಡ್ ಕೇಳುವುದರಲ್ಲಿ ನ್ಯಾಯವಿದೆ. ಅಂತಹ ಸಂದರ್ಭಕ್ಕೆ ಮೊಬೈಲ್‌ನಲ್ಲಿ ಅದರ ಚಿತ್ರ ಇಟ್ಟುಕೊಂಡರೆ ಅನುಕೂಲ. ಅಧಿನಿಯಮದ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿದ್ದು, ಅವುಗಳಲ್ಲಿ ಹಲವು ಹೊರಗಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಗೇಟಿನಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಮೊದಲೇ ಹೇಳಿರಬೇಕು.

ಪ್ರಶ್ನೆ: ‘ಮೆಟ್ಟಿಲಿದ್ದರೇನು, ನಾವೇ ಎತ್ತಿಕೊಂಡು ಹೋಗುತ್ತೇವೆ’ ಎನ್ನುತ್ತಾರೆ. ಒಪ್ಪಿಕೊಳ್ಳಬೇಕೆ?

ಈ ಪುಟದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಉತ್ತರದಲ್ಲಿದೆ. ನಮ್ಮ ಕಡೆಯ ಜನರ ಮನಸ್ಸು ದೊಡ್ಡದು. ಗಾಲಿಕುರ್ಚಿ ಮೆಟ್ಟಿಲ ಬಳಿ ನಿಂತರೆ ಸಾಕು, ‘ಬಿಡ್ರಿ ಸಾರ್, ನಾಲ್ಕು ಜನ ಹಿಡ್ಕಂಡು ಎತ್ತಿಬಿಡ್ತೀವಿ’ ಎನ್ನುತ್ತ ಯಾರಾದರೂ ಓಡಿಬರುತ್ತಾರೆ. ಆ ಪ್ರೀತಿಯನ್ನು ನಾನು ಎಂದೂ ಅಲ್ಲಗಳೆಯುವುದಿಲ್ಲ. ಆದರೆ ಎತ್ತಿಸಿಕೊಂಡು ಹೋಗುವವನಿಗೆ ಯಾವಾಗ ಬರಬೇಕು, ಯಾವಾಗ ಎದ್ದು ಹೊರಡಬೇಕು, ನಡುವೆ ಶೌಚಾಲಯಕ್ಕೆ ಹೋಗಬೇಕೇ ಎಂಬ ಯಾವ ತೀರ್ಮಾನವೂ ತನ್ನ ಕೈಯಲ್ಲಿ ಉಳಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ, ಪರಿಚಯವಿಲ್ಲದ ಗಂಡಸರು ಮೈ ಮುಟ್ಟಿ ಎತ್ತುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅನೇಕ ಅಕ್ಕತಂಗಿಯರು ಹತ್ತಿರದ ನೆಂಟರ ಮದುವೆಯನ್ನೂ ತಪ್ಪಿಸಿಕೊಂಡು ಮನೆಯಲ್ಲಿ ಉಳಿಯಲು ಇದೊಂದೇ ಕಾರಣ ಸಾಕಾಗುತ್ತದೆ.

ಅಪಾಯವೂ ಇದೆ. ಗಾಲಿಕುರ್ಚಿಯ ತೋಳು ಮತ್ತು ಕಾಲಿಡುವ ಹಲಗೆ ಬಹಳಷ್ಟು ಮಾದರಿಗಳಲ್ಲಿ ಕಳಚಿ ಬರುವಂತಿರುತ್ತವೆ. ಅವನ್ನು ಹಿಡಿದು ಎತ್ತಿದರೆ ಅವು ಕೈಗೆ ಬಂದು, ಕುರ್ಚಿ ಕೆಳಗೆ ಬೀಳುತ್ತದೆ. ಬೆನ್ನುಹುರಿಯ ಪೆಟ್ಟಾದವರಿಗೆ ಕಾಲು ಉಜ್ಜಿ ಗಾಯವಾದದ್ದೂ ಗೊತ್ತಾಗುವುದಿಲ್ಲ. ಬ್ಯಾಟರಿ ಕುರ್ಚಿಯ ತೂಕವಂತೂ ಕುಳಿತವರ ತೂಕದ ಜೊತೆ ಸೇರಿ ಒಂದು ಕ್ವಿಂಟಾಲ್ ಮೀರುವುದು ಸಾಮಾನ್ಯ. ಅನಿವಾರ್ಯವಾಗಿ ಎತ್ತಲೇಬೇಕಾದ ಗಳಿಗೆ ಬಂದರೆ, ಕುಳಿತವರನ್ನೇ ಕೇಳಿ: ಎಲ್ಲಿ ಹಿಡಿಯಬೇಕು, ಯಾವ ಕಡೆ ಮುಖ ಇರಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಒಪ್ಪದಿದ್ದರೆ ಮುಟ್ಟಬೇಡಿ.

ಕೆಲವು ವರ್ಷಗಳ ಹಿಂದೆ ನನ್ನನ್ನೇ ಸನ್ಮಾನಕ್ಕೆ ಕರೆದಿದ್ದ ಒಂದು ಸಮಾರಂಭದಲ್ಲಿ ವೇದಿಕೆಗೆ ಏಳು ಮರದ ಮೆಟ್ಟಿಲುಗಳಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಸಭೆಯೆಲ್ಲ ನೋಡುತ್ತಿರುವಾಗ ಇಬ್ಬರು ನನ್ನ ಕಂಕುಳಿಗೆ ಕೈ ಹಾಕಿ ಮೇಲಕ್ಕೆತ್ತಿದರು, ಚಪ್ಪಾಳೆಯೂ ಬಿತ್ತು. ನನ್ನ ಊರುಗೋಲುಗಳು ಕೆಳಗೇ ಉಳಿದವು. ಕಾರ್ಯಕ್ರಮ ಮುಗಿಯುವ ತನಕ ನಾನು ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಆ ಶಾಲಿಗಿಂತ ಒಂದು ರ‍್ಯಾಂಪ್ ಮಾಡಿಸಿದ್ದರೆ ನನಗೆ ಹೆಚ್ಚಿನ ಸನ್ಮಾನವಾಗುತ್ತಿತ್ತು.

ಪ್ರಶ್ನೆ: ರ‍್ಯಾಂಪ್ ಹೇಗಿರಬೇಕು? ಎಷ್ಟು ಇಳಿಜಾರು?

ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಒಂದಕ್ಕೆ ಹನ್ನೆರಡು ಎಂಬ ಈ ಪ್ರಮಾಣಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರು ತಾವಾಗಿ ಹತ್ತಲಾರರು, ಇಳಿಯುವಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಹೊಸ್ತಿಲಿನಲ್ಲಿ ಎರಡು ಮೆಟ್ಟಿಲು, ಅಂದರೆ ಸುಮಾರು 30 ಸೆಂಟಿಮೀಟರ್ ಎತ್ತರವಿದ್ದರೆ, 3.6 ಮೀಟರ್ ಉದ್ದದ ರ‍್ಯಾಂಪ್ ಬೇಕು. ನಾಲ್ಕು ಅಡಿ ಎತ್ತರದ ವೇದಿಕೆಗೆ 48 ಅಡಿ ಬೇಕಾಗುತ್ತದೆ. ಅಷ್ಟು ಉದ್ದ ಎಲ್ಲಿಂದ ತರುವುದು ಎಂದು ಪೆಂಡಾಲಿನವರು ಕೇಳುತ್ತಾರೆ. ವೇದಿಕೆಯ ಪಕ್ಕಕ್ಕೋ ಹಿಂದಕ್ಕೋ ಒಂದು ತಿರುವು ಕೊಟ್ಟು ತರಬಹುದು. ತಿರುಗುವ ಜಾಗದಲ್ಲಿ 1.5 ಮೀಟರ್ ಉದ್ದಗಲದ ಸಮತಟ್ಟು ಬಿಡಬೇಕು. ಇನ್ನೂ ಸುಲಭದ ದಾರಿಯೆಂದರೆ ವೇದಿಕೆಯ ಎತ್ತರವನ್ನೇ ಎರಡು ಅಡಿಗೆ ಇಳಿಸುವುದು. ವಿಚಾರ ಸಂಕಿರಣಕ್ಕೂ ಪುಸ್ತಕ ಬಿಡುಗಡೆಗೂ ನಾಲ್ಕು ಅಡಿಯ ವೇದಿಕೆ ಏಕೆ ಬೇಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ರ‍್ಯಾಂಪಿನ ಅಗಲ ಕನಿಷ್ಠ 1.2 ಮೀಟರ್ ಇರಲಿ, ಎರಡೂ ಬದಿಗೆ ಕಂಬಿ ಇರಲಿ, ಅಂಚಿನಲ್ಲಿ ಗಾಲಿ ಜಾರಿಬೀಳದಂತೆ ತುಸು ಎತ್ತರದ ಪಟ್ಟಿ ಇರಲಿ. ಬಾಗಿಲು ತೆರೆದಾಗ 90 ಸೆಂಟಿಮೀಟರ್ ಜಾಗ ಸಿಗಬೇಕು, ಏಕೆಂದರೆ ಸಾಮಾನ್ಯ ಗಾಲಿಕುರ್ಚಿಯೇ 65ರಿಂದ 70 ಸೆಂಟಿಮೀಟರ್ ಅಗಲವಿದ್ದು, ಅದನ್ನು ತಳ್ಳುವ ಕೈಗಳಿಗೂ ಎಡೆ ಬೇಕು. ಮೇಲ್ಮೈಗೆ ನುಣುಪಾದ ಗ್ರಾನೈಟ್ ಹಾಕಿ ಹೊಳೆಯುವಂತೆ ಮಾಡುವುದು ಕಲ್ಯಾಣ ಮಂಟಪಗಳಲ್ಲಿ ರೂಢಿಯಾಗಿದೆ. ಅದರ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಊರುಗೋಲಿನವರ ಕಥೆ ಮುಗಿಯಿತು. ಒರಟು ಕಲ್ಲು ಹಾಕಿಸಿ.

ಬೈಕ್ ಹತ್ತಿಸಲೆಂದು ಮೆಟ್ಟಿಲ ಮಧ್ಯದಲ್ಲಿ ಕಟ್ಟಿದ ಕಡಿದಾದ ಸಿಮೆಂಟ್ ಪಟ್ಟಿಯನ್ನು ತೋರಿಸಿ ‘ರ‍್ಯಾಂಪ್ ಇದೆಯಲ್ಲ’ ಎನ್ನುವವರಿದ್ದಾರೆ. ಅದು ರ‍್ಯಾಂಪ್ ಅಲ್ಲ.

ಪ್ರಶ್ನೆ: ಮಂಟಪದೊಳಗೆ ಹೋಗಬಹುದು, ಆದರೆ ಊಟದ ಹಾಲ್ ನೆಲಮಾಳಿಗೆಯಲ್ಲಿದೆ. ಇದಕ್ಕೇನು ಪರಿಹಾರ?

ಲಿಫ್ಟ್ ಇರಬೇಕು, ಅದು ಅಡುಗೆ ಸಾಮಾನು ಸಾಗಿಸುವುದಕ್ಕೆ ಮೀಸಲಾಗಿರಬಾರದು, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕಾಡುವಂತಿರಬಾರದು. ಲಿಫ್ಟ್ ಇಲ್ಲದ ಮಂಟಪದಲ್ಲಿ ಮೇಲಿನ ಅಂತಸ್ತಿನಲ್ಲಿಯೇ ಒಂದೆರಡು ಮೇಜು ಹಾಕಿ ಬಡಿಸಬಹುದು. ಆದರೆ ವಿಕಲಚೇತನರನ್ನು ಮಾತ್ರ ಒಂದು ಮೂಲೆಯಲ್ಲಿ ಕೂರಿಸಿ ಎಲೆ ಹಾಕಬೇಡಿ. ಅವರ ಮನೆಯವರಿಗೂ, ಮೆಟ್ಟಿಲಿಳಿಯಲಾರದ ಹಿರಿಯರಿಗೂ ಅದೇ ಪಂಕ್ತಿಯಲ್ಲಿ ಬಡಿಸಿ. ಮಂಟಪ ಗೊತ್ತುಮಾಡುವ ಮೊದಲು ಹೆಣ್ಣಿನವರಾಗಲಿ ಗಂಡಿನವರಾಗಲಿ ಊಟದ ಹಾಲಿನ ದಾರಿಯನ್ನೊಮ್ಮೆ ನಡೆದು ನೋಡುವುದು ಒಳ್ಳೆಯದು. ಗಿರಾಕಿಗಳು ಕೇಳಲು ಶುರುಮಾಡಿದರೆ ಮಾಲೀಕರು ಬೇಗ ದಾರಿಗೆ ಬರುತ್ತಾರೆ.

ಪ್ರಶ್ನೆ: ಮೈದಾನದ ಪೆಂಡಾಲ್ ತಾತ್ಕಾಲಿಕ. ಅಲ್ಲೇನು ಮಾಡಲು ಸಾಧ್ಯ?

ದಾವಣಗೆರೆಯ ಹೈಸ್ಕೂಲ್ ಮೈದಾನವಿರಲಿ, ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನವಿರಲಿ, ಪೆಂಡಾಲ್ ಹಾಕುವ ಮುನ್ನವೇ ತೀರ್ಮಾನಿಸಿದರೆ ಹೆಚ್ಚಿನದೆಲ್ಲ ಸಾಧ್ಯ. ಹಾಕಿದ ಮೇಲೆ ಕೇಳಿದರೆ ಯಾವುದೂ ಸಾಧ್ಯವಿಲ್ಲ. ಮೊದಲನೆಯದು ನೆಲ. ನಮ್ಮ ಕಡೆ ಅನೇಕ ಊರುಗಳಲ್ಲಿರುವುದು ಎರೆಮಣ್ಣು. ಒಣಗಿದಾಗ ಬಿರುಕುಬಿಡುತ್ತದೆ, ಒಂದು ಹದ ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಕುರ್ಚಿ ನಿಂತಲ್ಲೇ ನಿಲ್ಲುತ್ತದೆ, ಊರುಗೋಲು ಗೇಣುದ್ದ ಇಳಿಯುತ್ತದೆ. ವಾಹನ ನಿಲ್ಲುವ ಜಾಗದಿಂದ ಆಸನದವರೆಗೆ, ಅಲ್ಲಿಂದ ಶೌಚಾಲಯ ಮತ್ತು ಊಟದ ಜಾಗದವರೆಗೆ ನಾಲ್ಕು ಅಡಿ ಅಗಲಕ್ಕೆ ಪ್ಲೈವುಡ್ ಹಲಗೆಗಳನ್ನಾದರೂ ಹಾಸಿ, ಅಲುಗಾಡದಂತೆ ಬಿಗಿಯಬೇಕು. ಹಸಿರು ಮ್ಯಾಟ್ ಮಾತ್ರ ಹಾಸಿದರೆ ಕೆಳಗಿನ ಗುಂಡಿಗಳು ಕಾಣದೆ ಹೋಗುತ್ತವೆ, ಅದು ಇನ್ನೂ ಅಪಾಯಕರ. ಧ್ವನಿವರ್ಧಕ ಮತ್ತು ಜನರೇಟರ್‌ನ ಕೇಬಲ್‌ಗಳು ಓಡಾಡುವ ದಾರಿಗೆ ಅಡ್ಡಬರದಂತೆ ಮೇಲಿಂದ ಎಳೆಯಿರಿ.

ಎರಡನೆಯದು ಬ್ಯಾರಿಕೇಡ್. ನೂಕುನುಗ್ಗಲು ತಡೆಯಲೆಂದು ಹಾವಿನಂತೆ ಸುತ್ತಿಸಿದ ಸಾಲಿನಲ್ಲಿ ಗಾಲಿಕುರ್ಚಿ ತಿರುಗುವುದಿಲ್ಲ. ನೇರವಾಗಿ ಒಳಬರುವ ಒಂದು ಪ್ರತ್ಯೇಕ ದಾರಿ ಬೇಕು, ಅದು ಗಣ್ಯರು ಬಂದಾಗ ಮುಚ್ಚುವ ದಾರಿಯಾಗಿರಬಾರದು.

ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲೋ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲೋ ಎಲ್ಲ ಕಡೆಗೂ ಹಲಗೆ ಹಾಸಲಾಗದು, ನಿಜ. ಆದರೆ ದರ್ಶನಕ್ಕೆ ಒಂದು ನಿಗದಿತ ಹೊತ್ತು, ತೇರು ನೋಡಲು ತಳ್ಳಾಟವಿಲ್ಲದ ಒಂದು ಕಟ್ಟೆ, ಸೈಡ್ ವೀಲ್ ಸ್ಕೂಟರ್‌ಗಳನ್ನು ಹತ್ತಿರದವರೆಗೆ ಬಿಡುವ ಒಂದು ರಸ್ತೆ, ಇಷ್ಟನ್ನು ಪೊಲೀಸರೂ ಜಾತ್ರಾ ಸಮಿತಿಯವರೂ ಪೂರ್ವಭಾವಿ ಸಭೆಯಲ್ಲಿ ನಿರ್ಧರಿಸಿ ಪ್ರಕಟಿಸಬಹುದು. ಆ ಸಭೆಗೆ ವಿಕಲಚೇತನರ ಸಂಘದವರೊಬ್ಬರನ್ನು ಕರೆಯಬೇಕು.

ಪ್ರಶ್ನೆ: ಭದ್ರತೆಯ ಹೆಸರಿನಲ್ಲಿ ಊರುಗೋಲು ಅಥವಾ ಗಾಲಿಕುರ್ಚಿಯನ್ನು ಹೊರಗೆ ಇರಿಸಲು ಹೇಳಬಹುದೇ?

ತಪಾಸಣೆ ಮಾಡಬಹುದು, ಕಸಿದುಕೊಳ್ಳಬಾರದು. ಊರುಗೋಲು ನನ್ನ ಕಾಲಿನ ಕೆಲಸ ಮಾಡುತ್ತದೆ. ಬಿಳಿ ಕೋಲು ಅಂಧರಿಗೆ ದಾರಿ ತೋರಿಸುತ್ತದೆ. ಅವನ್ನು ಗೇಟಿನಲ್ಲಿ ಇಟ್ಟು ಹೋಗೆಂದರೆ ಒಳಗೆ ಬರಬೇಡ ಎಂದಂತೆಯೇ ಆಯಿತು. ತಕ್ಕ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅಧಿನಿಯಮವು ಸ್ಪಷ್ಟವಾಗಿ ಹೇಳಿದೆ. ಲೋಹಶೋಧಕದ ಚೌಕಟ್ಟಿನೊಳಗೆ ಕುರ್ಚಿ ಹಿಡಿಸದಿದ್ದರೆ ಕೈಯಲ್ಲಿ ಹಿಡಿಯುವ ಸಾಧನದಿಂದ ಪರೀಕ್ಷಿಸಲಿ. ಕ್ಯಾಲಿಪರ್ ಮತ್ತು ಕೃತಕ ಕಾಲುಗಳಲ್ಲಿ ಲೋಹವಿರುವುದರಿಂದ ಸದ್ದು ಬರುವುದು ಸಹಜ. ಬಿಚ್ಚಿ ತೋರಿಸೆಂದು ಎಲ್ಲರೆದುರು ಹೇಳುವುದು ತಪ್ಪು. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ಪರೀಕ್ಷಿಸಬೇಕು.

ಪ್ರಶ್ನೆ: ಗಾಲಿಕುರ್ಚಿಯವರಿಗೆ ಎಲ್ಲಿ ಜಾಗ ಕೊಡಬೇಕು? ಜೊತೆಗೆ ಬಂದವರಿಗೆ ಟಿಕೆಟ್ ಬೇಕೇ?

ತೀರಾ ಮುಂದೆ, ವೇದಿಕೆಯ ಕೆಳಗೆ ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕ ಕೂರಿಸುವುದು ಗೌರವವೆಂದು ಸಂಘಟಕರು ಭಾವಿಸುತ್ತಾರೆ. ಅಲ್ಲಿಂದ ಕುತ್ತಿಗೆ ಎತ್ತಿ ನೋಡುವುದೇ ಕಷ್ಟ. ತೀರಾ ಹಿಂದೆ ಕೂರಿಸಿದರೆ ಮುಂದಿನವರು ಎದ್ದು ನಿಂತ ಕೂಡಲೇ ಏನೂ ಕಾಣುವುದಿಲ್ಲ. ಎರಡು ಮೂರು ಬೇರೆ ಬೇರೆ ಕಡೆ, ಸಾಲಿನ ಅಂಚಿನಲ್ಲಿ ಕುರ್ಚಿ ತೆಗೆದು ಜಾಗ ಬಿಟ್ಟು, ಪಕ್ಕದಲ್ಲಿಯೇ ಜೊತೆಗಾರರಿಗೆ ಒಂದು ಆಸನ ಇಡಬೇಕು. ಜೊತೆಗಾರರಿಗೆ ಟಿಕೆಟ್ ಉಚಿತವಾಗಿರಬೇಕೆಂದು ಅಧಿನಿಯಮದಲ್ಲಿ ಕಲಂ ಇಲ್ಲ. ಆದರೂ ನೆರವಿಲ್ಲದೆ ಬರಲಾರದವರಿಗೆ ಎರಡು ಟಿಕೆಟ್ ಹೊರೆ ಹಾಕುವುದು ನ್ಯಾಯವಲ್ಲವೆಂದು ಕೇಳಿದರೆ ಹೆಚ್ಚಿನ ಸಂಘಟಕರು ಒಪ್ಪುತ್ತಾರೆ.

ಪ್ರಶ್ನೆ: ಶೌಚಾಲಯ?

ಇದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ಕಾರ್ಯಕ್ರಮದ ದಿನ ಬೆಳಗಿನಿಂದ ನೀರು ಕುಡಿಯದೆ ಬರುವವರನ್ನು ನಾನು ಬಲ್ಲೆ. ಬೆನ್ನುಹುರಿಯ ತೊಂದರೆಯಿರುವವರಿಗೆ ಅದರಿಂದ ಮೂತ್ರಕೋಶದ ಸೋಂಕು ತಗಲುತ್ತದೆ. ಹೊರಕ್ಕೆ ತೆರೆಯುವ ಅಥವಾ ಪಕ್ಕಕ್ಕೆ ಸರಿಯುವ ಅಗಲವಾದ ಬಾಗಿಲು, ಕಮೋಡ್, ಹಿಡಿಗಂಬಿ, ಒಳಗೆ ಕುರ್ಚಿ ತಿರುಗಿಸುವಷ್ಟು ಜಾಗ ಬೇಕು. ಮೈದಾನಕ್ಕೆ ತರಿಸುವ ಮೊಬೈಲ್ ಶೌಚಾಲಯಗಳಿಗೆ ಮೂರು ಕಬ್ಬಿಣದ ಮೆಟ್ಟಿಲಿರುತ್ತವೆ, ನಮಗೆ ಅವು ಉಪಯೋಗಕ್ಕೆ ಬರುವುದಿಲ್ಲ. ನೆಲಮಟ್ಟದ ಒಂದನ್ನಾದರೂ ಗೊತ್ತುಮಾಡಿ, ಅದನ್ನು ಸಾಮಾನು ತುಂಬುವ ಕೋಣೆ ಮಾಡಬೇಡಿ.

ಪ್ರಶ್ನೆ: ಅಂಧರಿಗೆ ಮತ್ತು ಕಿವುಡರಿಗೆ ರ‍್ಯಾಂಪಿನಿಂದ ಪ್ರಯೋಜನವಿಲ್ಲ. ಅವರಿಗೆ ಏನು ಬೇಕು?

ಕಿವುಡರಿಗೆ ಸಂಜ್ಞಾ ಭಾಷೆಯ ದುಭಾಷಿ ಬೇಕು. ಆ ದುಭಾಷಿ ನಿಲ್ಲುವ ಕಡೆ ಬೆಳಕು ಬೀಳಬೇಕು, ನಾಟಕದಲ್ಲಿ ದೀಪ ಆರಿಸಿದಾಗಲೂ ಅವರ ಕೈ ಕಾಣಬೇಕು. ಅಂಧರಿಗೆ ಆಸನದವರೆಗೆ ಕರೆದೊಯ್ಯುವವರು ಬೇಕು. ಅವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ವೇದಿಕೆಯ ಮೇಲೆ ಯಾರಿದ್ದಾರೆ, ಪರದೆಯಲ್ಲಿ ಏನಿದೆ ಎಂದು ನಿರೂಪಕರು ಬಾಯಲ್ಲಿ ಹೇಳಿದರೆ ಎಲ್ಲರಿಗೂ ಅನುಕೂಲ. ಚಿತ್ರಮಂದಿರಗಳಲ್ಲಿ ಶ್ರವಣ ಮತ್ತು ದೃಷ್ಟಿ ದೋಷವುಳ್ಳವರಿಗೆ ಬರಹ ಹಾಗೂ ಧ್ವನಿ ವಿವರಣೆ ಒದಗಿಸುವ ಬಗ್ಗೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಗಾಲಿಕುರ್ಚಿಯಲ್ಲಿ ಹೋಗಬಹುದೇ?

ಏಳು ಸುತ್ತಿನ ಕೋಟೆಯನ್ನು ಕಟ್ಟಿದ್ದೇ ಯಾರೂ ಸುಲಭವಾಗಿ ಒಳಗೆ ಬಾರದಿರಲೆಂದು. ಬಂಡೆಗಳ ನಡುವಿನ ದಾರಿಗಳನ್ನೂ ಮೆಟ್ಟಿಲುಗಳನ್ನೂ ಬದಲಿಸುವುದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅನುಮತಿಯಿಲ್ಲದೆ ಆಗದ ಕೆಲಸ, ಎಲ್ಲವನ್ನೂ ಬದಲಿಸಬೇಕೆಂದು ನಾನು ಕೇಳುವುದೂ ಇಲ್ಲ. ಒನಕೆ ಓಬವ್ವನ ಕಿಂಡಿಯನ್ನು ಅಗಲ ಮಾಡಿದರೆ ಅದು ಕಿಂಡಿಯಾಗಿ ಉಳಿಯುವುದಿಲ್ಲ. ಆದರೆ ಟಿಕೆಟ್ ಕೌಂಟರ್, ಕುಡಿಯುವ ನೀರು, ಶೌಚಾಲಯ, ಮೊದಲ ಬಾಗಿಲಿನ ಆಚೀಚಿನ ಬಯಲು ಇವು ಕೋಟೆಯ ಕಾಲದವಲ್ಲ, ಇವನ್ನು ಸರಿಮಾಡಲು ಅಡ್ಡಿಯಿಲ್ಲ. ಮೇಲಿನ ಗುಡಿ, ಹೊಂಡಗಳನ್ನು ತೋರಿಸುವ, ಕೈಯಿಂದ ಮುಟ್ಟಿ ತಿಳಿಯಬಹುದಾದ ಕೋಟೆಯ ಮಾದರಿಯೊಂದನ್ನು ಕೆಳಗೆ ಇಟ್ಟರೆ ಅಂಧ ಮಕ್ಕಳಿಗೂ ಕೋಟೆ ದಕ್ಕುತ್ತದೆ.

ಪ್ರಶ್ನೆ: ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳನ್ನು ಎಲ್ಲಿ ಪಡೆಯಬಹುದು?

ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಜನರ ಬಾಯಲ್ಲಿ ವಿಆರ್‌ಡಬ್ಲ್ಯು ಎನ್ನುವವರನ್ನು, ಕಾಣಿ. ಇದೇ ಕೆಲಸಕ್ಕೆ ನಗರದಲ್ಲಿ ಯುಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಿದೆ. ಕೇಂದ್ರದ ಎಡಿಐಪಿ ಯೋಜನೆಯಡಿ ಕಾನ್ಪುರದ ಅಲಿಂಕೋ ಸಂಸ್ಥೆ ತಯಾರಿಸಿದ ಸಾಧನಗಳನ್ನು ಶಿಬಿರಗಳಲ್ಲಿ ವಿತರಿಸುತ್ತಾರೆ. ಅದಕ್ಕೆ ಶೇ 40ರ ಪ್ರಮಾಣಪತ್ರವೂ ಆದಾಯ ಪ್ರಮಾಣಪತ್ರವೂ ಬೇಕು. ದಾವಣಗೆರೆಯಲ್ಲಿಯೇ ವಿಕಲಚೇತನರಿಗೆ ಪುನರ್ವಸತಿ ಸೇವೆ ನೀಡುವ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇರುವುದು ಎರಡೂ ಜಿಲ್ಲೆಯವರಿಗೆ ದೊಡ್ಡ ಅನುಕೂಲ. ಕೊಟ್ಟದ್ದನ್ನು ಹಾಗೆಯೇ ತೆಗೆದುಕೊಂಡು ಬರಬೇಡಿ. ಊರುಗೋಲಿನ ಎತ್ತರ, ಕುರ್ಚಿಯ ಅಗಲ ನಿಮ್ಮ ಮೈಗೆ ಹೊಂದುವಂತೆ ಅಲ್ಲಿಯೇ ಸರಿಮಾಡಿಸಿಕೊಳ್ಳಿ. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ನುಣುಪು ನೆಲದ ಮೇಲೆ ಹೆಜ್ಜೆಯಿಡಬೇಡಿ. ಒಂದು ಜೊತೆ ರಬ್ಬರ್ ಸದಾ ಚೀಲದಲ್ಲಿರಲಿ.

ಪ್ರಶ್ನೆ: ಹಕ್ಕು ನಿರಾಕರಿಸಿದರೆ ಯಾರಿಗೆ ದೂರು ಕೊಡಬೇಕು? ಶಿಕ್ಷೆ ಏನು?

ಮೊದಲು ಸಂಘಟಕರಿಗೆ ಲಿಖಿತವಾಗಿ ತಿಳಿಸಿ. ಮೆಟ್ಟಿಲು, ಮುಚ್ಚಿದ ಗೇಟು, ಬೀಗ ಹಾಕಿದ ಶೌಚಾಲಯಗಳ ಫೋಟೊ ತೆಗೆದಿಡಿ. ಸರ್ಕಾರಿ ಸಂಸ್ಥೆಯಾಗಿದ್ದರೆ 23ನೇ ಕಲಂ ಪ್ರಕಾರ ಅಲ್ಲೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಕಟ್ಟಡದ ದೋಷವಿದ್ದರೆ ಅನುಮತಿ ನೀಡಿದ ಸ್ಥಳೀಯ ಸಂಸ್ಥೆಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಪ್ರತಿ ಕಳುಹಿಸಿ. ಇಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡಿದ್ದೇವೆಂದು ಸಂಬಂಧಪಟ್ಟ ಪ್ರಾಧಿಕಾರವು ಮೂರು ತಿಂಗಳೊಳಗೆ ತಿಳಿಸಬೇಕು.

ಅಧಿನಿಯಮವನ್ನು ಉಲ್ಲಂಘಿಸಿದವರಿಗೆ 89ನೇ ಕಲಂ ಅಡಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ ಅಥವಾ ಬೆದರಿಸಿದರೆ ಅದು 92ನೇ ಕಲಂನ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಜೈಲು ಶಿಕ್ಷೆಯೂ ದಂಡವೂ ಆಗಬಹುದು. ಇದಕ್ಕೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಅಲ್ಲಿ ಅಧಿನಿಯಮದ ಹೆಸರನ್ನೂ ಕಲಂ ಸಂಖ್ಯೆಯನ್ನೂ ದೂರಿನಲ್ಲಿಯೇ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಠಾಣೆಗೂ ಮೆಟ್ಟಿಲುಗಳಿದ್ದರೆ ಅಧಿಕಾರಿಯನ್ನು ಕೆಳಗೆ ಕರೆಸಿ, ಅದನ್ನೂ ಆ ದೂರಿನಲ್ಲಿ ಒಂದು ಸಾಲು ಸೇರಿಸಿ.